ಕ್ಯಾಷಿಯರ್ ಹೆಸರಲ್ಲಿ ರಾತ್ರಿ ಲಾಗಿನ್: ಓಪನ್ ಸೋರ್ಸ್‌ನಲ್ಲಿ ಪತ್ತೆ ಹೇಗೆ?

ಕಲಬುರಗಿಯಿಂದ ಪ್ರಶ್ನೆ: ನಮ್ಮದು ಪತ್ತಿನ ಸಹಕಾರ ಸಂಘ. ಸುಮಾರು 40 ಕಂಪ್ಯೂಟರ್, ಒಂದು ವಿಂಡೋಸ್ ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನಡೆಯುವ ವ್ಯವಸ್ಥೆ). ಕ್ಯಾಷಿಯರ್ ಮನೆಯಲ್ಲಿದ್ದಾಗ ಅವರ ಹೆಸರಲ್ಲಿ ರಾತ್ರಿ ಲಾಗಿನ್ ಆಗಿದೆ. ಆಂಟಿವೈರಸ್ ಸುಮ್ನೆ ಕೂತಿತ್ತು. ದುಬಾರಿ ಸಾಫ್ಟ್‌ವೇರ್‌ಗೆ ಆಡಳಿತ ಮಂಡಳಿ ಒಪ್ಪುವುದಿಲ್ಲ. ಓಪನ್ ಸೋರ್ಸ್ ಯಾರಾದರೂ ನಡೆಸಿದ್ದೀರಾ?

ಬೀದರ್‌ನಿಂದ: ಸರಿಯಾದ ಪಾಸ್‌ವರ್ಡ್ ಹಾಕಿ ಬಂದವನು ಆಂಟಿವೈರಸ್ ಕಣ್ಣಿಗೆ ಕ್ಯಾಷಿಯರೇ ಅಲ್ವಾ ಸರ್! ನಮ್ಮ ಕಾಲೇಜಿನಲ್ಲಿ ವಾಝು (Wazuh) ಎಂಬ ಓಪನ್ ಸೋರ್ಸ್ ಭದ್ರತಾ ಸಾಫ್ಟ್‌ವೇರ್ ಇದೆ. ಎಲ್ಲ ಕಂಪ್ಯೂಟರ್‌ಗಳ ಲಾಗ್ (ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ) ಒಂದೇ ಕಡೆ ಬರುತ್ತದೆ. 25ರಿಂದ 50 ಕಂಪ್ಯೂಟರ್‌ಗೆ 8 ಕೋರ್, 8 ಜಿಬಿ ರ‍್ಯಾಮ್, 100 ಜಿಬಿ ಡಿಸ್ಕ್ ಇದ್ದರೆ 90 ದಿನದ ಲಾಗ್‌ಗೆ ಸಾಕು ಎನ್ನುತ್ತಾರೆ. ಆದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್ 180 ದಿನ ಇರಬೇಕು. ಡಿಸ್ಕ್ ಜಾಸ್ತಿ ಹಾಕಿ.

ತಪ್ಪು ಲಾಗಿನ್ ಅಂದರೆ ವಿಂಡೋಸ್ ಲಾಗ್‌ನ ಈವೆಂಟ್ ಸಂಖ್ಯೆ 4625 ಎಂದು ಎಲ್ಲರೂ ಅದನ್ನೇ ಹುಡುಕುತ್ತಾರೆ. ಡೊಮೇನ್ ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ ಪದ್ಧತಿಯಲ್ಲಿ ಪಾಸ್‌ವರ್ಡ್ ತಪ್ಪಿದರೆ ಡೊಮೇನ್ ಕಂಟ್ರೋಲರ್‌ನಲ್ಲಿ (ಡೊಮೇನ್ ನಡೆಸುವ ಸರ್ವರ್) ಬೀಳುವುದು 4771. ಆಡಿಟ್ ಪಾಲಿಸಿಯಲ್ಲಿ (ಯಾವುದನ್ನು ದಾಖಲಿಸಬೇಕು ಎಂಬ ಸೆಟ್ಟಿಂಗ್) ಅದು ಆನ್ ಇದೆಯಾ ನೋಡಿ.

ಯಾದಗಿರಿಯಿಂದ: ಇದಕ್ಕೊಂದು ಸೇರಿಸುತ್ತೇನೆ. ಕಳ್ಳರು ಒಬ್ಬರ ಹೆಸರಿಗೇ ಹತ್ತು ಪಾಸ್‌ವರ್ಡ್ ಹಾಕುತ್ತಾರೆ ಅಂತೇನಿಲ್ಲ. ಒಂದೇ ಪಾಸ್‌ವರ್ಡ್ ಹಿಡಿದು ಎಲ್ಲ ಸಿಬ್ಬಂದಿಯ ಹೆಸರಿಗೂ ಒಮ್ಮೊಮ್ಮೆ ಹಾಕುತ್ತಾರೆ. ಯಾರ ಖಾತೆಯೂ ಲಾಕ್ ಆಗುವುದಿಲ್ಲ. ಹಾಗಾಗಿ ಒಂದೇ ಐಪಿಯಿಂದ (ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸ) ಎಷ್ಟು ಬೇರೆ ಬೇರೆ ಹೆಸರು ತಪ್ಪಿದವು ಎಂದು ಎಣಿಸುವ ರೂಲ್ ಬರೆಯಿರಿ. ಜೊತೆಗೆ ಯಾರೂ ಬಳಸದ ಒಂದು ನಕಲಿ ಖಾತೆ ಇಡಿ, ಹೆಸರು 'ಬ್ಯಾಕಪ್ ಅಡ್ಮಿನ್' ಥರ ಇರಲಿ. ಅದನ್ನು ಯಾರು ಮುಟ್ಟಿದರೂ ಅಲಾರಂ. ನನ್ನ ಪ್ರಕಾರ ಇಷ್ಟು ಅಗ್ಗದ, ಇಷ್ಟು ಕಡಿಮೆ ಸುಳ್ಳು ಹೇಳುವ ಉಪಾಯ ಇನ್ನೊಂದಿಲ್ಲ.

ಯಾರ ಖಾತೆಯಿಂದ ಅಡ್ಮಿನ್‌ವರೆಗೆ ದಾರಿ ಇದೆ ಎಂದು ನೋಡಲು ಬ್ಲಡ್‌ಹೌಂಡ್ ಕಮ್ಯುನಿಟಿ ಎಡಿಷನ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಸಾಕು. ಮಂಡಳಿಯ ಲಿಖಿತ ಅನುಮತಿ ಪಡೆದೇ ಓಡಿಸಿ.

ಕಲಬುರಗಿಯಿಂದ ಇನ್ನೊಬ್ಬರು: ಯಾದಗಿರಿ ಅಣ್ಣಾವ್ರು ಹೇಳಿದ್ದು ಸರಿ. ಆದರೆ ಖಾತೆ ತಾನಾಗಿ ಮುಚ್ಚುವ ವ್ಯವಸ್ಥೆಗೆ ಅವಸರ ಬೇಡ. ಯಾರೋ ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ ಇಡೀ ಕೌಂಟರ್ ನಿಲ್ಲಿಸಬಹುದು. ಮೊದಲು ಅಲರ್ಟ್ ಬರಲಿ, ಮುಚ್ಚುವುದು ಮನುಷ್ಯರ ಕೈಯಲ್ಲಿರಲಿ.

ಪಾಸ್‌ವರ್ಡ್ ಬದಲಿಸಿದ ಕೂಡಲೇ ಹಳೆಯ ಕೆರ್ಬೆರೋಸ್ ಟಿಕೆಟ್ (ಒಮ್ಮೆ ಲಾಗಿನ್ ಆದವರಿಗೆ ಸಿಗುವ ಡಿಜಿಟಲ್ ಪಾಸ್) ಸಾಯುವುದಿಲ್ಲ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದರ ಆಯಸ್ಸು 10 ಗಂಟೆ. ಹಾಗಾಗಿ ಆ ಲಾಗಿನ್ ಆದ ಕಂಪ್ಯೂಟರನ್ನೂ ನೆಟ್‌ವರ್ಕ್‌ನಿಂದ ತೆಗೆಯಿರಿ. ಸರ್ಟ್-ಇನ್‌ಗೆ ತಿಳಿಸಲು ಇರುವುದು ಗೊತ್ತಾದ ಹೊತ್ತಿನಿಂದ 6 ಗಂಟೆ.

ಅಂದಹಾಗೆ ಆ ರಾತ್ರಿಯ 4624 (ಯಶಸ್ವಿ ಲಾಗಿನ್‌ನ ದಾಖಲೆ) ತೆಗೆದು ಲಾಗಾನ್ ಟೈಪ್, ಅಂದರೆ ಯಾವ ಬಗೆಯ ಲಾಗಿನ್ ಎಂದು ನೋಡಿದಿರಾ? 10 ಇದ್ದರೆ ರಿಮೋಟ್ ಡೆಸ್ಕ್‌ಟಾಪ್, ಪಕ್ಕದಲ್ಲೇ ಐಪಿ ಸಿಗುತ್ತದೆ. 2 ಇದ್ದರೆ ಸಾಮಾನ್ಯವಾಗಿ ಕಂಪ್ಯೂಟರ್ ಮುಂದೆಯೇ ಯಾರೋ ಕೂತಿದ್ದರು ಎಂದರ್ಥ. ಆಗ ವಾಚ್‌ಮನ್‌ನನ್ನು ಕೇಳಬೇಕು.