ಕೋರ್ಟ್ ಕಾದಂಬರಿ: ಪಾಪನಿವೇದನೆ ಕೇಳಿದ ಫಾದರ್ ಸಾಕ್ಷಿ ಹೇಳಲೇಬೇಕಾ?

ಕಿಲ್ಲಾಕೆರೆ:
ಕಥೆ ಬೆಳಗಾವಿಯದು. ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಕ್ಯಾಂಪ್ ಪ್ರದೇಶದ ಕ್ಯಾಥೊಲಿಕ್ ಚರ್ಚಿಗೆ ಬಂದವನೊಬ್ಬ ಪಾಪನಿವೇದನೆಯಲ್ಲಿ, ಅಂದರೆ ಫಾದರ್ ಬಳಿ ಗುಟ್ಟಾಗಿ ಪಾಪ ಹೇಳಿಕೊಳ್ಳುವ ಸಂಸ್ಕಾರದಲ್ಲಿ, ಕೊಲೆ ಒಪ್ಪಿಕೊಳ್ಳುತ್ತಾನೆ. ಹಿಂಡಲಗಾ ಜೈಲಿನಲ್ಲಿರುವ ಆರೋಪಿ ಬೇರೆಯವನು. ಆರೋಪಿ ಪರ ವಕೀಲರು ಫಾದರ್‌ಗೆ ಸಮನ್ಸ್ ಕೊಡಿಸಿದರೆ? ಉಪದೇಶ ಆಗದಂತೆ ಬರೆಯಬೇಕು.

ಕರಿಕೋಟು:
ಪಾದ್ರಿಗೆ ಕಾನೂನಿನಲ್ಲಿ ವಿನಾಯಿತಿ ಇಲ್ರಿ. ಸಾಕ್ಷ್ಯ ಅಧಿನಿಯಮ 2023ರ ಕಲಂ 128 ಗಂಡ-ಹೆಂಡತಿ ಮಾತಿಗೆ, 132 ವಕೀಲ-ಕಕ್ಷಿದಾರರ ಮಾತಿಗೆ. ಪಾಪನಿವೇದನೆಗೆ ಯಾವುದೂ ಇಲ್ಲ. ಉತ್ತರ ಕೊಡದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ಕಾನೂನು) ಕಲಂ 388ರಡಿ 7 ದಿನದವರೆಗೆ ಸಾದಾ ಸಜೆ ಆಗಬಹುದು. ಆದರೆ ಅದು 'ಸಮಂಜಸ ಕಾರಣವಿಲ್ಲದೆ' ಸುಮ್ಮನಿದ್ದವರಿಗೆ ಮಾತ್ರ. ಗುಟ್ಟು ಕಾಯುವುದು ಸಮಂಜಸ ಕಾರಣವೇ? ಅಲ್ಲೇ ನಿಮ್ಮ ಇಡೀ ಅಧ್ಯಾಯ ಐತಿ.

ಇನ್ನೊಂದು ತೊಡಕು ಬಹಳ ಜನ ಮರೀತಾರ. ಒಪ್ಪಿಕೊಂಡವನು ಆರೋಪಿಯಲ್ಲ, ಹಾಗಾಗಿ ಫಾದರ್ ಹೇಳುವುದು ಬರೀ ಕೇಳಿದ ಮಾತು. ಅವನು ಬದುಕಿರುವ ತನಕ ಅವನನ್ನೇ ಕರೆಸಬೇಕು. ಸತ್ತರೆ ಅಥವಾ ಪತ್ತೆಯೇ ಇಲ್ಲದಿದ್ದರೆ, ತನ್ನನ್ನೇ ಕ್ರಿಮಿನಲ್ ಕೇಸಿಗೆ ಸಿಲುಕಿಸುವ ಮಾತೆಂದು ಸಾಕ್ಷ್ಯ ಅಧಿನಿಯಮದ ಕಲಂ 26ರಲ್ಲಿ ಅದು ಸಾಕ್ಷ್ಯವಾಗಿ ಒಳಗೆ ಬರುತ್ತದೆ. ಅವನನ್ನ ನಡುವೆ ಸಾಯಿಸಿಬಿಡ್ರಿ.

ಘಂಟೆಗೋಪುರ:
ಸತ್ತರೂ ಫಾದರ್ ಬಾಯಿ ಬಿಡುವಂತಿಲ್ಲ. ಕ್ಯಾಥೊಲಿಕ್ ಧರ್ಮಸಭೆಯ ಸಂಹಿತೆ, ನಿಯಮ 983: ಗುಟ್ಟು ಅಭೇದ್ಯ. ಹೇಳಿಕೊಂಡವನೇ 'ಹೇಳಿ ಫಾದರ್' ಅಂದರೂ ಸಭೆಯ ನ್ಯಾಯಾಲಯದಲ್ಲಿ ಸಾಕ್ಷಿಯಾಗಲು ಬರುವುದಿಲ್ಲ (1550). ಸುಳಿವು ಕೊಡುವುದೂ ತಪ್ಪು, ಆದ್ದರಿಂದ ಮುಖ ಬಿಳುಚಿತು, ಜಪಸರ ನಡುಗಿತು ಎಂದೆಲ್ಲ ಬರೆಯಬೇಡಿ, ದಯವಿಟ್ಟು. ಫಾದರ್ ಬದಲು ಮೆಥಡಿಸ್ಟ್ (ಪ್ರೊಟೆಸ್ಟೆಂಟ್) ಸಭಾಪಾಲಕರನ್ನು ಹಾಕಿದರೆ ಈ ಸಂಸ್ಕಾರವೇ ಇಲ್ಲ, ಕಥೆಯ ಕೀಲು ಕಳಚುತ್ತದೆ.

ಕಿಲ್ಲಾಕೆರೆ:
ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ?

ಕರಿಕೋಟು:
ಅದು ಸಿನಿಮಾದ್ದು. 1969ರ ಪ್ರಮಾಣ ಕಾಯ್ದೆಯ ನಮೂನೆ ಸಾಕು: ದೇವರ ಹೆಸರಿನಲ್ಲಿ ಅಥವಾ ಪ್ರತಿಜ್ಞೆ ಮಾಡಿ, ಸತ್ಯ, ಪೂರ್ಣ ಸತ್ಯ. ಆ 'ಪೂರ್ಣ' ಹೇಳುವ ಮೊದಲು ಫಾದರ್ ಒಂದು ಉಸಿರು ನಿಲ್ಲಲಿ, ಅಷ್ಟೇ. ಜ್ಯೂರಿ, ಸುತ್ತಿಗೆ ಹಾಕಬ್ಯಾಡ್ರಿ. ಕೊಲೆ ಕೇಸು ಸೆಷನ್ಸ್ ಕೋರ್ಟಿನಲ್ಲೇ ನಡೀತದ. ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ. ಘಟನೆಯನ್ನು ವಿಜಯಪುರಕ್ಕೆ ಸಾಗಿಸಿದರೆ ಕಲಬುರಗಿ ಪೀಠ ಅಂತ ತಿದ್ದಿರಿ.