ಎಂಪೆರಿಪೊಲೆಸಿಸ್ ಅಂದರೆ ‘ನುಂಗುವುದು’ ಅಂತ ಬರೆದರೆ ತಪ್ಪಾ?

ಪ್ರಶ್ನೆ: ಒಂದು ಲಿಂಫ್ ನೋಡ್ (ದುಗ್ಧಗ್ರಂಥಿ) ಬಯಾಪ್ಸಿ ರಿಪೋರ್ಟನ್ನು ಕನ್ನಡಕ್ಕೆ ತರಬೇಕಿದೆ. ‘ಹಿಗ್ಗಿದ ಸೈನಸ್‌ಗಳ ತುಂಬ ದೊಡ್ಡ ಹಿಸ್ಟಿಯೊಸೈಟ್‌ಗಳು, ಎಂಪೆರಿಪೊಲೆಸಿಸ್ ಇದೆ, ಎಸ್100 ಪಾಸಿಟಿವ್, ಸಿಡಿ1ಎ ನೆಗೆಟಿವ್’ ಎಂದಿದೆ. (ಸೈನಸ್ ಅಂದರೆ ನೋಡ್ ಒಳಗೆ ದ್ರವ ಹರಿಯುವ ಜಾಗ, ಹಿಸ್ಟಿಯೊಸೈಟ್ ಅಂಗಾಂಶದಲ್ಲಿರುವ ರಕ್ಷಣಾ ಕೋಶ, ಎಸ್100 ಮತ್ತು ಸಿಡಿ1ಎ ಕೋಶದ ಗುರುತು ಹಿಡಿಯಲು ಬಣ್ಣ ಹಾಕಿ ನೋಡುವ ಪ್ರೋಟೀನ್‌ಗಳು.) ಕರಡಿನಲ್ಲಿ ‘ಕೋಶಗಳು ಬೇರೆ ಕೋಶಗಳನ್ನು ನುಂಗುತ್ತಿವೆ’ ಅಂತ ಹಾಕಿದ್ದೇನೆ. ಸರಿಯೇ? ಈ ಪದ ಇನ್ನೆಲ್ಲಿ ಬಳಕೆಯಾಗುತ್ತದೆ?

ಪೆಥಾಲಜಿಸ್ಟ್: ‘ನುಂಗು’ ಮೊದಲು ತೆಗೆಯಿರಿ. ನುಂಗಿ ಅರಗಿಸುವುದು ಫ್ಯಾಗೊಸೈಟೋಸಿಸ್. ಎಂಪೆರಿಪೊಲೆಸಿಸ್‌ನಲ್ಲಿ ಒಂದು ಕೋಶದ ಒಳಗೆ ಹೋದ ಇನ್ನೊಂದು ಕೋಶ ಜೀವಂತವಾಗಿಯೇ ಇರುತ್ತದೆ, ಹೊರಗೂ ಬರಬಲ್ಲದು. ಉಂಡದ್ದಲ್ಲ, ಉಳಿಸಿಕೊಂಡದ್ದು. 1956ರಲ್ಲಿ ಹಂಬಲ್, ಜೇನ್, ಪಲ್ವರ್‌ಟಾಫ್ಟ್ ಈ ಪದ ಕಟ್ಟಿದ್ದೂ ಅದೇ ಅರ್ಥಕ್ಕೆ. ಗ್ರೀಕ್‌ನಲ್ಲಿ ‘ಎಂ’ ಅಂದರೆ ಒಳಗೆ, ‘ಪೆರಿ’ ಸುತ್ತ, ಉಳಿದ ಭಾಗಕ್ಕೆ ಅಲೆದಾಡುವುದು ಎಂಬ ಅರ್ಥ.

ಸ್ಲೈಡಿನಲ್ಲಿ ಅದು ಹೀಗೆ ಕಾಣುತ್ತದೆ: ಹಿಸ್ಟಿಯೊಸೈಟ್ ದೊಡ್ಡದು, ಸೈಟೊಪ್ಲಾಸಂ ಧಾರಾಳ, ಬಣ್ಣ ತೆಳು, ದುಂಡಗಿನ ನ್ಯೂಕ್ಲಿಯಸ್‌ನಲ್ಲಿ ಎದ್ದು ಕಾಣುವ ನ್ಯೂಕ್ಲಿಯೊಲಸ್. ಅದರ ಹೊಟ್ಟೆಯೊಳಗೆ ಲಿಂಫೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ), ಪ್ಲಾಸ್ಮಾ ಕೋಶ, ಕೆಲವೊಮ್ಮೆ ನ್ಯೂಟ್ರೊಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಅಥವಾ ಕೆಂಪು ರಕ್ತಕಣ. ಎಷ್ಟೋ ಕಡೆ ಸುತ್ತ ತೆಳುವಾದ ಬಿಳಿ ಬಳೆ. ಒಳಗಿನ ಲಿಂಫೊಸೈಟ್‌ನ ನ್ಯೂಕ್ಲಿಯಸ್ ಪಕ್ಕದಲ್ಲಿ ಹೊರಗಿರುವ ಲಿಂಫೊಸೈಟ್‌ನದರಷ್ಟೇ ಚೊಕ್ಕವಾಗಿರಬೇಕು. ಅದು ಕುಗ್ಗಿ, ಕಪ್ಪಾಗಿ, ಚೂರುಚೂರಾಗಿದ್ದರೆ ನೀವು ನೋಡುತ್ತಿರುವುದು ಸತ್ತ ಕೋಶ ಸ್ವಚ್ಛ ಮಾಡುತ್ತಿರುವ ಮ್ಯಾಕ್ರೊಫೇಜ್. ಗಡ್ಡೆಯ ಕೋಶವೊಂದು ಇನ್ನೊಂದನ್ನು ಒಳಗಿಟ್ಟುಕೊಂಡು, ತನ್ನ ನ್ಯೂಕ್ಲಿಯಸ್ ಅರ್ಧಚಂದ್ರದಂತೆ ಅಂಚಿಗೆ ತಳ್ಳಿಸಿಕೊಂಡಿದ್ದರೆ ಅದಕ್ಕೆ ಕ್ಯಾನಿಬಲಿಸಂ ಅನ್ನುತ್ತಾರೆ. ಅದು ಬೇರೆಯೇ ಕಥೆ.

ಸೈಟಾಲಜಿ ನೋಡುವವರು: ಸೂಜಿಯಲ್ಲಿ ತೆಗೆದ ಸ್ಮಿಯರ್‌ನಲ್ಲಿ ಮೋಸ ಹೋಗುವುದು ಸುಲಭ. ಹಿಸ್ಟಿಯೊಸೈಟ್ ಮೇಲೆ ಲಿಂಫೊಸೈಟ್ ಬಿದ್ದುಕೊಂಡಿದ್ದರೂ ಒಳಗಿದ್ದ ಹಾಗೇ ಕಾಣುತ್ತದೆ. ಫೈನ್ ಫೋಕಸ್ ತಿರುಗಿಸಿ: ಎರಡೂ ನ್ಯೂಕ್ಲಿಯಸ್ ಒಂದೇ ಮಟ್ಟದಲ್ಲಿ ಸ್ಪಷ್ಟವಾದರೆ ಒಳಗಿರುವ ಸಂಭವ ಹೆಚ್ಚು, ಒಂದು ಚೊಕ್ಕವಾದಾಗ ಇನ್ನೊಂದು ಮಸುಕಾದರೆ ಮೇಲೆ ಕೂತಿದೆ. ದಪ್ಪ ಸ್ಮಿಯರ್ ಬಿಟ್ಟು ತೆಳುವಾಗಿ ಹರಡಿದ ಜಾಗದಲ್ಲೇ ಹುಡುಕಬೇಕು. ಒಂದೇ ಒಂದು ಕೋಶ ನಂಬಿ ಬರೆಯಬಾರದು. ಬ್ಲಾಕ್ ಸೆಕ್ಷನ್‌ಗೂ ಇದೇ ಮಾತು, 3–4 ಮೈಕ್ರಾನ್ ದಾಟಿ ದಪ್ಪ ಕತ್ತರಿಸಿದರೆ ಮೇಲೊಂದು ಕೆಳಗೊಂದು ಕೂತದ್ದೆಲ್ಲ ಒಳಗಿದ್ದಂತೆ ತೋರುತ್ತದೆ.

ಇಮ್ಯುನೊ ಲ್ಯಾಬ್‌ನವರು: ಅನುಮಾನ ಇದ್ದಾಗ ಎಸ್100 ಸ್ಲೈಡೇ ಒಳ್ಳೆಯದು. ಹಿಸ್ಟಿಯೊಸೈಟ್ ಪೂರ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ, ಒಳಗಿರುವ ಲಿಂಫೊಸೈಟ್ ಬಣ್ಣ ಹಿಡಿಯುವುದಿಲ್ಲ. ಕಂದು ಹಚ್ಚಡದಲ್ಲಿ ತೂತು ಬಿದ್ದ ಹಾಗೆ. ನೋಡ್ ಸುತ್ತಲಿನ ಕೊಬ್ಬಿನ ಕೋಶ, ನರ ಇವು ಸಹಜವಾಗಿಯೇ ಎಸ್100 ಹಿಡಿಯುತ್ತವೆ. ಅವೂ ಬೆಳ್ಳಗಿದ್ದರೆ ಸ್ಟೇನ್ ಕೆಟ್ಟಿದೆ, ರೋಗಕ್ಕೆ ‘ನೆಗೆಟಿವ್’ ಅಂತ ಬರೆಯಬೇಡಿ. ಸಿಡಿ1ಎ ನೋಡುವುದು ಲ್ಯಾಂಗರ್‌ಹಾನ್ಸ್ ಹಿಸ್ಟಿಯೊಸೈಟೋಸಿಸ್ ಎಂಬ ಇನ್ನೊಂದು ಕಾಯಿಲೆಯನ್ನು ಬೇರ್ಪಡಿಸಲು. ಅದೂ ಎಸ್100 ಪಾಸಿಟಿವೇ, ಆದರೆ ಅಲ್ಲಿ ಸಿಡಿ1ಎ, ಲ್ಯಾಂಗರಿನ್ (ಇಂಥದೇ ಇನ್ನೊಂದು ಗುರುತು) ಎರಡೂ ಪಾಸಿಟಿವ್.

ಪೆಥಾಲಜಿಸ್ಟ್: ನಿಮ್ಮ ರಿಪೋರ್ಟಿನ ಜೋಡಣೆ ರೋಸೈ–ಡಾರ್ಫ್‌ಮನ್ ಕಾಯಿಲೆಯದು, ಅಂದರೆ ಹಿಸ್ಟಿಯೊಸೈಟ್‌ಗಳು ಅತಿಯಾಗಿ ಸೇರಿಕೊಳ್ಳುವ ಅಪರೂಪದ ಕಾಯಿಲೆ. ಡೆಸ್ಟೊಂಬ್ಸ್ 1965ರಲ್ಲಿ, ರೋಸೈ ಮತ್ತು ಡಾರ್ಫ್‌ಮನ್ 1969ರಲ್ಲಿ ವಿವರಿಸಿದ್ದು. ಹಾಗಂತ ಎಂಪೆರಿಪೊಲೆಸಿಸ್ ಕಂಡಲ್ಲೆಲ್ಲ ಇದೇ ಕಾಯಿಲೆ ಅಂದುಕೊಳ್ಳಬೇಡಿ. ಚರ್ಮ, ಮೂಳೆಯಂಥ ನೋಡ್ ಹೊರಗಿನ ಜಾಗಗಳಲ್ಲಿ ಫೈಬ್ರೋಸಿಸ್ (ನಾರುಗಟ್ಟುವುದು) ಹೆಚ್ಚಿ ಎಂಪೆರಿಪೊಲೆಸಿಸ್ ವಿರಳವಾಗುತ್ತದೆ. ಕಾಣಲಿಲ್ಲವೆಂದು ಕಾಯಿಲೆಯನ್ನು ಕೈಬಿಡುವಂತಿಲ್ಲ. ಬೋನ್ ಮ್ಯಾರೋದಲ್ಲಿ ಮೆಗಾಕ್ಯಾರಿಯೊಸೈಟ್ (ಪ್ಲೇಟ್‌ಲೆಟ್ ತಯಾರಿಸುವ ದೊಡ್ಡ ಕೋಶ) ಒಳಗೆ ನ್ಯೂಟ್ರೊಫಿಲ್ ಕಂಡರೂ ಇದೇ ಪದ. ಲಿವರ್‌ನಲ್ಲಿ ಹೆಪಟೊಸೈಟ್ (ಲಿವರ್‌ನ ಮುಖ್ಯ ಕೋಶ) ಒಳಗಿನ ಲಿಂಫೊಸೈಟ್‌ಗೂ ಇದೇ. ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ಬೀಳುವ ಆಟೊಇಮ್ಯೂನ್ ಹೆಪಟೈಟಿಸ್‌ನ 2008ರ ಸರಳ ಮಾನದಂಡದಲ್ಲಿ ಇದು ಒಂದು ಲಕ್ಷಣವಾಗಿತ್ತು, ಆದರೆ ಬೇರೆ ಹೆಪಟೈಟಿಸ್‌ಗಳಲ್ಲೂ ಕಾಣುವುದರಿಂದ ಈಗ ಅದಕ್ಕೆ ಅಷ್ಟು ತೂಕವಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಕನ್ನಡದ ವಾಕ್ಯ ಹೇಗಿರಲಿ? ‘ಇದು ಕ್ಯಾನ್ಸರ್ ಅಲ್ಲ’ ಅಂತ ಒಂದು ಸಾಲು ಸೇರಿಸಲೇ?

ವೈದ್ಯಕೀಯ ಅನುವಾದಕಿ: ಸೇರಿಸಬೇಡಿ. ಆ ಪದ ಕಂಡದ್ದನ್ನು ಹೇಳುತ್ತದೆಯೇ ಹೊರತು ಕ್ಯಾನ್ಸರ್ ಹೌದು, ಅಲ್ಲ ಎಂದು ಹೇಳುವುದಿಲ್ಲ. ಮೇಲಾಗಿ ರೋಸೈ–ಡಾರ್ಫ್‌ಮನ್ ಎಷ್ಟೋ ಸಲ ತಾನಾಗಿ ಇಳಿಯುತ್ತದಾದರೂ ಡಬ್ಲ್ಯುಎಚ್‌ಒದ ಇತ್ತೀಚಿನ ವರ್ಗೀಕರಣದಲ್ಲಿ ನಿಯೋಪ್ಲಾಸಂಗಳ (ಕೋಶಗಳ ಅಸಹಜ ಬೆಳವಣಿಗೆಗಳ) ಸಾಲಿನಲ್ಲಿದೆ. ಆ ಮಾತು ಚಿಕಿತ್ಸೆ ಕೊಡುವ ಡಾಕ್ಟರ್ ಬಾಯಲ್ಲೇ ಬರಲಿ.

ಪದವನ್ನು ಹಾಗೇ ಇಟ್ಟು ಒಮ್ಮೆ ಬಿಡಿಸಿ ಹೇಳಿದರೆ ಸಾಕು: ‘ಹಿಸ್ಟಿಯೊಸೈಟ್ ಎಂಬ ದೊಡ್ಡ ಕೋಶಗಳ ಒಳಗೆ ಬೇರೆ ರಕ್ತಕೋಶಗಳು ಹಾನಿಯಾಗದೆ ಇರುವುದು ಕಂಡಿದೆ, ಇದಕ್ಕೆ ಎಂಪೆರಿಪೊಲೆಸಿಸ್ ಎನ್ನುತ್ತಾರೆ.’ ‘ಅಂತಃಕೋಶ ಸಂಚಾರ’ ಅಂತ ಹೊಸ ಪದ ಟಂಕಿಸುವ ಆಸೆ ಬರುತ್ತದೆ, ಆದರೆ ಮುಂದಿನ ಡಾಕ್ಟರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಭಕ್ಷಣೆ’ಯಂತೂ ಬೇಡವೇ ಬೇಡ, ಅದು ಫ್ಯಾಗೊಸೈಟೋಸಿಸ್‌ಗೆ ಮೀಸಲು. ಟೈಪ್ ಮಾಡುವಾಗ ‘ಪೊಯೆಸಿಸ್’ ಆಗದಂತೆಯೂ ನೋಡಿಕೊಳ್ಳಿ. ಹೆಮಟೊಪೊಯೆಸಿಸ್‌ನಲ್ಲಿರುವ ಆ ಬಾಲಕ್ಕೆ ‘ಉತ್ಪತ್ತಿ’ ಎಂಬ ಅರ್ಥ, ಇಲ್ಲಿ ಯಾರೂ ಏನನ್ನೂ ಹುಟ್ಟಿಸುತ್ತಿಲ್ಲ.