ಪ್ರಶ್ನೋತ್ತರ: ಮಣ್ಣು ಹಿಡಿದ ರೋಮನ್ ನಾಣ್ಯಗಳನ್ನು ಮನೆಯಲ್ಲಿ ಶುಚಿಗೊಳಿಸುವ ಬಗೆ

ಪ್ರಶ್ನೆ: ಮಾನ್ಯರೇ, ಹವ್ಯಾಸಕ್ಕೆಂದು ನೋಂದಾಯಿತ ವ್ಯಾಪಾರಿಯೊಬ್ಬರಿಂದ ಶುಚಿಗೊಳಿಸದ ಕೆಲವು ರೋಮನ್ ಕಂಚಿನ ನಾಣ್ಯಗಳನ್ನು ಕೊಂಡಿದ್ದೇನೆ. ಅವು ನಾಲ್ಕನೆಯ ಶತಮಾನದವೆಂದು ತಿಳಿಸಿದ್ದಾರೆ. ಮಣ್ಣು ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಮುಖವಾಗಲಿ ಅಕ್ಷರಗಳಾಗಲಿ ಕಾಣುತ್ತಿಲ್ಲ. ನಿಂಬೆರಸದಲ್ಲಿ ನೆನೆಸಿದರೆ ಒಂದೇ ರಾತ್ರಿಯಲ್ಲಿ ಹೊಳೆಯುತ್ತವೆ ಎಂದು ಕೆಲವರೂ ಆಲಿವ್ ಎಣ್ಣೆಯೇ ಸೂಕ್ತವೆಂದು ಮತ್ತೆ ಕೆಲವರೂ ಹೇಳುತ್ತಾರೆ. ಲೋಹವಸ್ತುಗಳ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ತಾವು ಯಾವುದನ್ನು ಸೂಚಿಸುತ್ತೀರಿ?

ಉತ್ತರ: ಎರಡನ್ನೂ ಸೂಚಿಸಲಾರೆ. ಸುಮಾರು 1600 ವರ್ಷ ಮಣ್ಣಿನಲ್ಲಿದ್ದ ಕಂಚಿನ ಹೊರಮೈ ಲೋಹವಾಗಿ ಉಳಿದಿರುವುದಿಲ್ಲ; ಅದು ಕ್ಯೂಪ್ರೈಟ್ ಎಂಬ ಕೆಂಪು ಆಕ್ಸೈಡಾಗಿಯೂ ಅದರ ಮೇಲೆ ಮ್ಯಾಲಕೈಟ್ ಎಂಬ ಹಸಿರು ಕಾರ್ಬೊನೇಟಾಗಿಯೂ ಮಾರ್ಪಟ್ಟಿರುತ್ತದೆ. ಚಕ್ರವರ್ತಿಯ ಕಣ್ಣು, ಕಿರೀಟದ ಮುತ್ತುಗಳು, ಅಂಚಿನ ಬರಹ ಇವೆಲ್ಲ ಬಹುಪಾಲು ಉಳಿದಿರುವುದು ಪ್ಯಾಟಿನಾ ಎನ್ನಲಾಗುವ ಈ ಪದರದಲ್ಲಿಯೇ ಹೊರತು ಒಳಗಿನ ಲೋಹದಲ್ಲಲ್ಲ. ನಿಂಬೆರಸಕ್ಕಾಗಲಿ ವಿನೆಗರಿಗಾಗಲಿ ಮಣ್ಣು ಯಾವುದು, ಪ್ಯಾಟಿನಾ ಯಾವುದು ಎಂಬ ಭೇದವಿಲ್ಲ. ಎರಡನ್ನೂ ಕರಗಿಸಿ, ಗುಂಡಿಬಿದ್ದ ನಸುಗೆಂಪು ಬಿಲ್ಲೆಯೊಂದನ್ನು ಉಳಿಸುತ್ತವೆ. ಬ್ಯಾಟರಿಯ ವಿದ್ಯುತ್ ಹಾಯಿಸುವ ವಿಧಾನದ ಫಲವೂ ಬಹುತೇಕ ಇದೇ. ಆಲಿವ್ ಎಣ್ಣೆಯಲ್ಲಿಯೂ ಆಮ್ಲವಿದೆ. ನಿಧಾನವಾಗಿ ಕೆಲಸ ಮಾಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಅಲ್ಲದೆ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ಎಣ್ಣೆ ಮುಂದಿನ ಚಿಕಿತ್ಸೆಗೆ ಅಡ್ಡಿಯಾಗುತ್ತದೆ.

ನಾಣ್ಯಗಳನ್ನು ಗಾಜಿನ ಪಾತ್ರೆಯಲ್ಲಿ ಡಿಸ್ಟಿಲ್ಡ್ ನೀರಿನಲ್ಲಿ ನೆನೆಯಲು ಬಿಡಿ. ನಲ್ಲಿ ನೀರು ಬೇಡ, ಅದರಲ್ಲಿರುವ ಕ್ಲೋರೈಡ್ ಕಂಚಿಗೆ ಶತ್ರು. ನೀರು ಕದಡಿದಾಗಲೆಲ್ಲ ಬದಲಾಯಿಸುತ್ತ, ನಡುನಡುವೆ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸವರುತ್ತ, ವಾರಗಟ್ಟಲೆ, ಅಗತ್ಯವಾದರೆ ತಿಂಗಳುಗಟ್ಟಲೆ ಕಾಯಬೇಕು. ಅನಂತರ ಹತ್ತು ಪಟ್ಟು ಹಿಗ್ಗಿಸುವ ಭೂತಕನ್ನಡಿಯ ಕೆಳಗೆ, ನಾಣ್ಯ ಒದ್ದೆಯಾಗಿರುವಾಗಲೇ, ಬಿದಿರಿನ ಕಡ್ಡಿಯಿಂದಲೋ ಗುಲಾಬಿ ಮುಳ್ಳಿನಿಂದಲೋ ಮಣ್ಣನ್ನು ಬಿಡಿಸಿ. ಆ ಕಾಲದ ಕಂಚಿನಲ್ಲಿ ಸೀಸವೂ ಇರುವುದರಿಂದ ಒಣ ಧೂಳನ್ನು ಉಸಿರಾಡುವಂತಾಗಬಾರದು. ಮಣ್ಣು ಪುಡಿಪುಡಿಯಾಗಿ ಏಳುತ್ತದೆ. ಪ್ಯಾಟಿನಾ ನುಣುಪಾಗಿದ್ದು ಕಡ್ಡಿಯ ತುದಿ ಅದರ ಮೇಲೆ ಜಾರುತ್ತದೆ. ಜಾರತೊಡಗಿದಲ್ಲಿ ನಿಲ್ಲಿಸಿ. ತಂತಿ ಬ್ರಷ್ಷನ್ನು ಹತ್ತಿರವೂ ಸುಳಿಯಗೊಡಬೇಡಿ.

ಒಂದು ಉದಾಹರಣೆಯನ್ನು ಹೇಳುತ್ತೇನೆ, ಏಕೆಂದರೆ ತಮ್ಮ ನಾಣ್ಯಗಳಲ್ಲಿಯೂ ಇದು ಸಿಗುವ ಸಾಧ್ಯತೆ ಹೆಚ್ಚು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕೊನೆಯ ವರ್ಷಗಳಲ್ಲಿ ಬಹಳ ದೊಡ್ಡ ಸಂಖ್ಯೆಯಲ್ಲಿ ಅಚ್ಚಾದ ಸಣ್ಣ ನಾಣ್ಯವೊಂದರ ಹಿಮ್ಮುಖದಲ್ಲಿ ‘ಗ್ಲೋರಿಯಾ ಎಕ್ಸರ್ಸಿಟಸ್’, ಅಂದರೆ ಸೇನೆಯ ಕೀರ್ತಿ, ಎಂಬ ಬರಹದೊಂದಿಗೆ ಇಬ್ಬರು ಯೋಧರು ನಿಂತಿರುತ್ತಾರೆ. ಅವರ ನಡುವೆ ಎರಡು ಧ್ವಜದಂಡಗಳಿದ್ದರೆ ನಾಣ್ಯ ಸುಮಾರು ಕ್ರಿ.ಶ. 330ರಿಂದ 335ರೊಳಗಿನದು. ಒಂದೇ ಇದ್ದರೆ ಅನಂತರದ್ದು. ಯೋಧರ ಕಾಲಡಿಯ ಗೆರೆಯ ಕೆಳಗೆ ಟಂಕಸಾಲೆಯ ಗುರುತಿರುತ್ತದೆ. ಅಲ್ಲಿ ಎಸ್, ಐ, ಎಸ್ ಎಂಬ ಲ್ಯಾಟಿನ್ ಅಕ್ಷರಗಳು ಕಂಡರೆ ಅದು ಸಿಸ್ಕಿಯಾದಲ್ಲಿ, ಅಂದರೆ ಈಗಿನ ಕ್ರೊಯೇಷಿಯಾದ ಸಿಸಾಕ್‌ನಲ್ಲಿ, ಅಚ್ಚಾದದ್ದು. ಯೋಧರ ನಡುವಿನ ಆ ಕಿರಿದಾದ ಜಾಗದಲ್ಲಿ ಒಮ್ಮೆ ಅವಸರದಿಂದ ಕೆರೆದರೆ ನಾಣ್ಯದ ಕಾಲವನ್ನು ಹೇಳುವ ಆಧಾರವೇ ಅಳಿದುಹೋಗುತ್ತದೆ. ಆ ಜಾಗದ ಮಣ್ಣು ಸ್ವಲ್ಪ ಉಳಿದರೂ ಚಿಂತೆಯಿಲ್ಲ.

ಪ್ರಶ್ನೆ: ಕೃತಜ್ಞತೆಗಳು. ತಾವು ಹೇಳಿದ ಕ್ರಮದಲ್ಲಿಯೇ ಶುಚಿಗೊಳಿಸಿ ಒಣಗಿಸಿಟ್ಟ ನಾಣ್ಯವೊಂದರ ಮೇಲೆ ಈಗ ತಿಳಿಹಸಿರು ಪುಡಿಯ ಚುಕ್ಕೆಗಳು ಮೂಡಿವೆ. ಒರೆಸಿದರೆ ಹೋಗುತ್ತವೆ, ಕೆಲವು ದಿನಗಳಲ್ಲಿ ಮತ್ತೆ ಬರುತ್ತವೆ. ಇದು ಸಾಮಾನ್ಯ ಕಿಲುಬೇ?

ಉತ್ತರ: ಅಲ್ಲ. ಮರಳಿ ಬರುವ ಪುಡಿಯೆಂದರೆ ‘ಕಂಚಿನ ರೋಗ’ವೆಂದೇ ತಿಳಿದು ಆ ನಾಣ್ಯವನ್ನು ಇಂದೇ ಬೇರೆಯಾಗಿಡಿ. ನಾಣ್ಯದೊಳಗೆ ಅಡಗಿರುವ ತಾಮ್ರದ ಕ್ಲೋರೈಡ್ ಗಾಳಿಯ ತೇವ ಮತ್ತು ಆಮ್ಲಜನಕದೊಡನೆ ಸೇರಿ ಹೈಡ್ರೊಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಉಳಿದ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಹೀಗೆ ಸರಪಳಿ ಮುಂದುವರಿಯುತ್ತದೆ. ಚುಕ್ಕೆಗಳನ್ನು ಸೂಜಿಯಿಂದ ತಳದವರೆಗೆ ಬಿಡಿಸಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದ ಶೇ. 5ರ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಸೌಮ್ಯ ಕ್ಷಾರದ ದ್ರಾವಣದಲ್ಲಿ ಹಲವು ವಾರ ಇಡಬೇಕು, ದ್ರಾವಣವನ್ನು ಆಗಾಗ ಬದಲಾಯಿಸಬೇಕು. ಇದರಿಂದ ಪ್ಯಾಟಿನಾದ ಬಣ್ಣ ತುಸು ಬದಲಾಗಬಹುದಾದರೂ ನಾಣ್ಯವನ್ನೇ ಕಳೆದುಕೊಳ್ಳುವುದಕ್ಕಿಂತ ಅದು ಮೇಲು. ಬಳಿಕ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದು, ಕಿಟಕಿ ತೆರೆದ, ಬೆಂಕಿಯಿಲ್ಲದ ಕೋಣೆಯಲ್ಲಿ ಅಸಿಟೋನಿನಲ್ಲಿ ಅದ್ದಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಾಪೇಕ್ಷ ತೇವಾಂಶ ಶೇ. 40 ಮೀರದಂತೆ ಇಡಿ. ಕಿಲುಬು ತಡೆಯಲು ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಬೆಂಜೊಟ್ರಯಾಜೋಲ್ ಎಂಬ ರಾಸಾಯನಿಕ ವಿಷಕಾರಿ. ಮನೆಯಲ್ಲಿ ಅದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ.

ಮತ್ತೊಬ್ಬರ ಪ್ರಶ್ನೆ: ಅಳಿಸಿಹೋದ ಕೂದಲಿನ ಗೆರೆಗಳನ್ನೂ ಅಕ್ಷರಗಳನ್ನೂ ಸೂಕ್ಷ್ಮ ಉಳಿಯಿಂದ ತಿದ್ದಿ, ಮೇಲೆ ಕಪ್ಪು ಬಣ್ಣ ಕೊಡುವುದು ಜೀರ್ಣೋದ್ಧಾರವಲ್ಲವೇ?

ಉತ್ತರ: ಖಂಡಿತ ಅಲ್ಲ. ಅದು ಹೊಸ ಕೆತ್ತನೆ. ಅಂಥ ನಾಣ್ಯವನ್ನು ವಿಷಯ ತಿಳಿಸದೆ ಮಾರಿದರೆ ವಂಚನೆಯೂ ಹೌದು. ಸವೆದ ಅಕ್ಷರ ಸವೆದೇ ಇರಲಿ. ಸುಮಾರು 294ರ ಚಕ್ರವರ್ತಿ ಡಯೋಕ್ಲೀಷಿಯನ್ನನ ನಾಣ್ಯಸುಧಾರಣೆಯ ನಂತರದ ನಾಣ್ಯಗಳ ಮೇಲೆ ಕೆಲವೊಮ್ಮೆ ತೆಳುವಾದ ಬೆಳ್ಳಿಯ ಲೇಪ ಉಳಿದಿರುತ್ತದೆ, ಹೊಳಪಿಗಾಗಿ ಉಜ್ಜಿದರೆ ಅದೂ ಹೋಗುತ್ತದೆ. ಪೂರ್ತಿ ಒಣಗಿದ ನಾಣ್ಯಕ್ಕೆ ಮೈಕ್ರೊಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಸವರಿ ಮೃದುವಾದ ಬಟ್ಟೆಯಿಂದ ಒರೆಸಿದರೆ ಸಾಕು; ಬೇಡವೆನಿಸಿದರೆ ಅದನ್ನು ಬಣ್ಣ ತೆಳುಗೊಳಿಸಲು ಬಳಸುವ ವೈಟ್ ಸ್ಪಿರಿಟ್‌ನಿಂದ ತೆಗೆಯಲೂ ಬರುತ್ತದೆ. ಪಿವಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ಮಾತ್ರ ಇಡಬೇಡಿ, ಅವುಗಳಿಂದ ಹೊರಬರುವ ಆಮ್ಲ ನಾಣ್ಯದ ಮೇಲೆ ಹಸಿರು ಜಿಗುಟನ್ನು ಉಂಟುಮಾಡುತ್ತದೆ.